18 ಮ್ಯೂಚುವಲ್ ಫ್ರೆಂಡ್ಸ್, ಪರಿಚಯ ಮಾತ್ರ ಯಾರಿಗೂ ಇಲ್ಲ

ಫೇಸ್‌ಬುಕ್‌ನಲ್ಲಿ ಗುರುತಿಲ್ಲದವರ ಫ್ರೆಂಡ್ ರಿಕ್ವೆಸ್ಟ್ ಬಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಮುಖದ ಮೇಲಲ್ಲ, ಹೆಸರಿನ ಕೆಳಗಿರುವ ಸಣ್ಣ ಸಾಲಿನ ಮೇಲೆ: '18 ಮ್ಯೂಚುವಲ್ ಫ್ರೆಂಡ್ಸ್'. ಆ ಹದಿನೆಂಟರಲ್ಲಿ ಊರಿನ ಮೇಷ್ಟ್ರು, ಸೋದರತ್ತೆಯ ಮಗ, ಒಬ್ಬ ಕವಿ ಇದ್ದುಬಿಟ್ಟರೆ ಮುಗಿಯಿತು. ಇಷ್ಟು ಜನಕ್ಕೆ ಬೇಕಾದ ಮನುಷ್ಯ ಕೆಟ್ಟವನಿರಲಾರ ಎಂದು ಒಪ್ಪಿಬಿಡುತ್ತೇವೆ.

ಆ ಹದಿನೆಂಟು ಮಂದಿಯೂ ಹೀಗೆಯೇ ಒಪ್ಪಿರುತ್ತಾರೆ ಎಂಬುದು ಹೊಳೆಯುವುದಿಲ್ಲ. ಕವಿಗೆ ಓದುಗರು ಬೇಕು, ಯಾರು ಬಂದರೂ ಸೇರಿಸಿಕೊಳ್ಳುತ್ತಾರೆ. ಕವಿಯನ್ನು ನೋಡಿ ಮೇಷ್ಟ್ರು, ಮೇಷ್ಟ್ರನ್ನು ನೋಡಿ ಅತ್ತೆಯ ಮಗ, ಅವನನ್ನು ನೋಡಿ ನಾವು. ಆ ಸಂಖ್ಯೆ ಹೇಳುವುದು ಎಷ್ಟು ಜನ ಬಟನ್ ಒತ್ತಿದರು ಎಂಬುದನ್ನಷ್ಟೇ, ಎಷ್ಟು ಜನ ಬಲ್ಲರು ಎಂಬುದನ್ನಲ್ಲ.

ನಕಲಿ ಖಾತೆಯವರು ನಂಬಿಕೊಂಡಿರುವುದು ಇದನ್ನೇ. ಒಬ್ಬರ ಫೋಟೊ, ಹೆಸರು ಎತ್ತಿಕೊಂಡು ಹೊಸ ಖಾತೆ ತೆರೆಯುತ್ತಾರೆ. ಅವರ ಫ್ರೆಂಡ್ಸ್ ಲಿಸ್ಟ್ ಎಲ್ಲರಿಗೂ ಕಾಣುವಂತಿದ್ದರೆ ಅಲ್ಲಿರುವವರಿಗೇ ರಿಕ್ವೆಸ್ಟ್ ಕಳಿಸುತ್ತಾರೆ. ನಾಲ್ಕು ಜನ ಒಪ್ಪಿದರೆ ಐದನೆಯವರಿಗೆ ನಾಲ್ಕು ಮ್ಯೂಚುವಲ್ ಕಾಣುತ್ತದೆ. ಆಮೇಲೆ ಮೆಸೆಂಜರ್‌ನಲ್ಲಿ 'ಹೇಗಿದ್ದೀರಿ? ನಿಮ್ಮ ನಂಬರ್ ಕಳಿಸಿ'. ಎರಡನೇ ದಿನಕ್ಕೆ ವಿಷಯ ಹೊರಬರುತ್ತದೆ: 'ನನ್ನ ಸ್ನೇಹಿತರೊಬ್ಬರು ಸಿಆರ್‌ಪಿಎಫ್‌ನಲ್ಲಿದ್ದಾರೆ, ವರ್ಗ ಆಗಿದೆ. ಸೋಫಾ, ಫ್ರಿಡ್ಜ್, ವಾಷಿಂಗ್ ಮಷೀನ್ ಎಲ್ಲ ಅರ್ಧ ಬೆಲೆಗೆ ಕೊಡುತ್ತಿದ್ದಾರೆ, ನಿಮ್ಮ ಹೆಸರು ಹೇಳಿದ್ದೇನೆ.' ಅಡ್ವಾನ್ಸ್ ಹಾಕಿದ ಮೇಲೆ ಸೋಫಾವೂ ಇಲ್ಲ, ಸ್ನೇಹಿತರೂ ಇಲ್ಲ. ಪೊಲೀಸ್ ಅಧಿಕಾರಿಗಳ ಹೆಸರಿನಲ್ಲೇ ಇಂಥ ಖಾತೆಗಳು ಹುಟ್ಟಿಕೊಂಡಿವೆ ಎಂದ ಮೇಲೆ ಉಳಿದವರ ಪಾಡೇನು?

ಈಗಾಗಲೇ ಲಿಸ್ಟ್‌ನಲ್ಲಿರುವವರಿಂದ ಎರಡನೇ ಸಲ ರಿಕ್ವೆಸ್ಟ್ ಬಂದರೆ ಮೊದಲು ಅವರಿಗೊಂದು ಫೋನ್ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಲಿಸ್ಟ್ ನಿಮಗೆ ಮಾತ್ರ ಕಾಣುವ ಹಾಗೆ ಮಾಡಿಕೊಳ್ಳಿ. ಮ್ಯೂಚುವಲ್ ಹೆಸರುಗಳು ಆಗಲೂ ಕಾಣುತ್ತವೆ, ಪೂರ್ತಿ ಪಟ್ಟಿ ಮಾತ್ರ ಸಿಗುವುದಿಲ್ಲ. ದುಡ್ಡು ಹೋಗೇಬಿಟ್ಟಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಾಚಿಕೊಂಡು ಕೂತಷ್ಟು ಹೊತ್ತೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ.

'ನಾನು ಯಾರನ್ನು ಸೇರಿಸಿಕೊಂಡರೆ ಬೇರೆಯವರಿಗೇನು ಕಷ್ಟ?' ಇದೂ ಜನಪ್ರಿಯ ವಾದ. 2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ಬಯಲಾದಾಗ ಫೇಸ್‌ಬುಕ್ಕೇ ಕೊಟ್ಟ ಲೆಕ್ಕ ನೋಡಿ. ಮಾಹಿತಿ ಸೋರಿಕೆಗೆ ದಾರಿಯಾದ ವ್ಯಕ್ತಿತ್ವ ಪರೀಕ್ಷೆಯ ಆ್ಯಪನ್ನು ಭಾರತದಲ್ಲಿ ಹಾಕಿಕೊಂಡವರು 335 ಮಂದಿ. ಮಾಹಿತಿ ಸೋರಿರಬಹುದಾದ ಭಾರತೀಯರು 5.62 ಲಕ್ಷ! ಉಳಿದವರೆಲ್ಲ ಯಾವ ಪರೀಕ್ಷೆಯನ್ನೂ ಬರೆದವರಲ್ಲ. ಬರೆದವರ ಫ್ರೆಂಡ್ಸ್ ಆಗಿದ್ದರು, ಅಷ್ಟೆ. ಫ್ರೆಂಡ್ಸ್ ಮಾಹಿತಿ ಆ್ಯಪ್‌ಗೆ ಸಿಗುವ ಆ ದಾರಿಯನ್ನು ಫೇಸ್‌ಬುಕ್ ಹಗರಣ ಬಯಲಾಗುವ ಮೊದಲೇ ಮುಚ್ಚಿತ್ತು. ಆದರೆ ಅಣ್ಣನ ಮಗಳ ಹುಟ್ಟುಹಬ್ಬದ ಫೋಟೊವನ್ನು ನೀವು 'ಫ್ರೆಂಡ್ಸ್'ಗೆಂದು ಹಾಕಿದಾಗ ಅದು ಯಾರ ಕೈಗೆ ಸೇರುತ್ತದೆಂದು ತೀರ್ಮಾನಿಸುವುದು ನೀವು ಒಪ್ಪಿಕೊಂಡ ರಿಕ್ವೆಸ್ಟ್‌ಗಳೇ. ಮಗುವನ್ನು ಯಾರೂ ಕೇಳಿರುವುದಿಲ್ಲ.

ಬಂದವರನ್ನೆಲ್ಲ ಸೇರಿಸಿಕೊಳ್ಳಲು ಇನ್ನೊಂದು ಕಾರಣ, ಎಲ್ಲರಿಗೂ ನನಗಿಂತ ಹೆಚ್ಚು ಗೆಳೆಯರಿದ್ದಾರೆ ಎಂಬ ಕೊರಗು. ಅದಕ್ಕೆ ಗಣಿತದಲ್ಲೇ ಉತ್ತರವಿದೆ. 4,000 ಗೆಳೆಯರಿರುವವರು 4,000 ಜನರ ಲಿಸ್ಟ್‌ನಲ್ಲಿ ಕಾಣಿಸಿಕೊಳ್ಳುತ್ತಾರೆ, 40 ಇರುವವರು 40ರಲ್ಲಿ ಮಾತ್ರ. ಹಾಗಾಗಿ ಯಾರ ಲಿಸ್ಟ್ ತೆರೆದರೂ ದೊಡ್ಡ ಬಳಗದವರೇ ಹೆಚ್ಚು ಕಣ್ಣಿಗೆ ಬೀಳುತ್ತಾರೆ. ಸಮಾಜಶಾಸ್ತ್ರಜ್ಞ ಸ್ಕಾಟ್ ಫೆಲ್ಡ್ 1991ರಲ್ಲೇ, ಫೇಸ್‌ಬುಕ್ ಹುಟ್ಟುವ ಮೊದಲೇ, ಇದನ್ನು ವಿವರಿಸಿದ್ದರು. ಅಂದಹಾಗೆ ಫೇಸ್‌ಬುಕ್ ಕೊಡುವ ಮಿತಿ 5,000. ಮನುಷ್ಯ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150 ಎಂಬುದು ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಅಂದಾಜು. ಆ ಅಂಕಿಯ ಬಗ್ಗೆ ತಕರಾರುಗಳಿವೆ, ಆದರೆ 5,000 ಜನರ ಸುಖದುಃಖ ವಿಚಾರಿಸುವವರನ್ನು ನಾನಂತೂ ಕಂಡಿಲ್ಲ.

ಇದನ್ನೆಲ್ಲ ಓದಿ ಆಪ್ತರನ್ನಷ್ಟೇ ಉಳಿಸಿಕೊಳ್ಳುತ್ತೇನೆ ಎಂದು ಹೊರಟರೆ ಅದೂ ಎಡವಟ್ಟೇ. ಕೆಲಸ ಹುಡುಕುವವರಿಗಂತೂ ಖಂಡಿತ. ಆಪ್ತರಿಗೆ ಗೊತ್ತಿರುವ ಸುದ್ದಿ ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ತರುವವರು ಅಷ್ಟಕ್ಕಷ್ಟೆ ಪರಿಚಯದವರು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಹೇಳಿದ್ದ ಈ ಮಾತನ್ನು ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಪರೀಕ್ಷಿಸಿದ ಫಲಿತಾಂಶ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕೆಲಸ ಬದಲಿಸಲು ನೆರವಾದದ್ದು ಹೆಚ್ಚಾಗಿ ತೆಳು ಪರಿಚಯಗಳೇ. ಸ್ವಾರಸ್ಯವೆಂದರೆ, ಮ್ಯೂಚುವಲ್ ಸಂಖ್ಯೆ ಒಂದು ಹಂತ ದಾಟಿದ ಮೇಲೆ ಪ್ರಯೋಜನ ಇಳಿಯತೊಡಗಿತ್ತು. ಹಾಗೆಂದು ಗುರುತೇ ಇಲ್ಲದವರನ್ನೆಲ್ಲ ಒಳಗೆ ಬಿಟ್ಟುಕೊಳ್ಳಿ ಎಂದಲ್ಲ. ಹಳೆ ಆಫೀಸಿನ ಬೇರೆ ಸೆಕ್ಷನ್‌ನವರು, ಕಾಲೇಜಿನ ಸೀನಿಯರ್, ಒಮ್ಮೆ ಟ್ರೈನಿಂಗ್‌ನಲ್ಲಿ ಜೊತೆಗೆ ಕೂತವರು, ಇಂಥವರು ಸಾಕು.

ಇನ್ನು ಬೇಡದವರನ್ನು ಲಿಸ್ಟ್‌ನಿಂದ ತೆಗೆಯದಂತೆ ಬಹಳ ಜನರನ್ನು ತಡೆಯುವುದು ದಾಕ್ಷಿಣ್ಯ. ಅನ್‌ಫ್ರೆಂಡ್ ಮಾಡಿದರೆ ಅವರಿಗೆ ಮೆಸೇಜ್ ಹೋಗುತ್ತದೆ ಎಂದು ಹೆದರುತ್ತಾರೆ. ಯಾವ ಮೆಸೇಜೂ ಹೋಗುವುದಿಲ್ಲ. ನಮ್ಮ ಪ್ರೊಫೈಲ್ ತೆರೆದು ನೋಡಿದರಷ್ಟೇ ಗೊತ್ತಾದೀತು. ಮದುವೆ ಮನೆಯಲ್ಲಿ ಎದುರಾಗುವ ದೊಡ್ಡಪ್ಪನಂಥವರ ವಿಷಯದಲ್ಲಿ ಅಷ್ಟೂ ಬೇಡವೆನಿಸಿದರೆ 'ರಿಸ್ಟ್ರಿಕ್ಟೆಡ್' ಎಂಬ ಲಿಸ್ಟ್ ಇದೆ. ಅದಕ್ಕೆ ಹಾಕಿದರೂ ದೊಡ್ಡಪ್ಪ ಫ್ರೆಂಡ್ ಆಗಿಯೇ ಉಳಿಯುತ್ತಾರೆ. ನೀವು ಪಬ್ಲಿಕ್ ಮಾಡಿದ್ದು, ಅವರನ್ನು ಟ್ಯಾಗ್ ಮಾಡಿದ್ದು ಬಿಟ್ಟರೆ ಮುಂದೆ ನೀವು ಹಾಕುವುದು ಅವರಿಗೆ ಕಾಣುವುದಿಲ್ಲ.