ಕಡಲಡಿಯ ಕೆಂಪಿಗೊಂದು ದೀಪ

ಮುರ್ಡೇಶ್ವರದಿಂದ ದೋಣಿ ಹತ್ತಿ, ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಬಂದವರ ವಿಡಿಯೊ ನೋಡಿ. ಹವಳ, ಮೀನು, ತೊಟ್ಟ ಕೆಂಪು ಟೀ ಶರ್ಟ್ ಎಲ್ಲಕ್ಕೂ ಒಂದೇ ಬಣ್ಣ, ಹಸಿರು ಬೆರೆತ ನೀಲಿ. ಕ್ಯಾಮೆರಾವನ್ನು ಬೈದು ಪ್ರಯೋಜನವಿಲ್ಲ. ಬಿಸಿಲು ನೀರಿಗಿಳಿಯುತ್ತಿದ್ದಂತೆ ಮೊದಲು ಸೊರಗುವುದು ಕೆಂಪು. ಐದಾರು ಮೀಟರಿನಲ್ಲೇ ಅದು ಮಂಕಾಗುತ್ತದೆ. ಆಮೇಲೆ ಕಿತ್ತಳೆ, ಹಳದಿಯ ಸರದಿ. ಇನ್ನೂ ಆಳದಲ್ಲಿ ಕೈಗೆ ಗಾಯವಾದರೆ ಒಸರುವ ರಕ್ತವೂ ಹಸಿರಾಗಿ ಕಾಣುತ್ತದೆ. ಹಾಡುಹಗಲೇ ಡೈವರ್‌ಗಳು ದೀಪ ಹಿಡಿದು ಇಳಿಯುವುದು ಈ ಕಳೆದ ಬಣ್ಣಕ್ಕಾಗಿ.

ಕಡಲಡಿಯಲ್ಲಿ ಬೆಳಕು ಮಾಡಲು ಹಿಂದಿನವರು ಪಟ್ಟ ಪಾಡು ದೊಡ್ಡದು. ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ 1890ರ ದಶಕದಲ್ಲಿ ಬನ್ಯುಲ್ಸ್ ಕಡಲತೀರದಲ್ಲಿ ಪೀಪಾಯಿಯೊಂದರ ಮೇಲೆ ಸ್ಪಿರಿಟ್ ದೀಪವಿಟ್ಟು, ಗಾಜು ಮುಚ್ಚಿ, ಉರಿಗೆ ಮೆಗ್ನೀಸಿಯಂ ಪುಡಿ ಊದಿ ನೀರೊಳಗೆ ಬೆಳಕು ಮಾಡಿದ್ದರು. 1926ರಲ್ಲಿ ಫ್ಲಾರಿಡಾದ ಡ್ರೈ ಟಾರ್ಟುಗಾಸ್‌ನಲ್ಲಿ ಮೀನು ತಜ್ಞ ವಿಲಿಯಂ ಲಾಂಗ್ಲಿ ಮತ್ತು ಛಾಯಾಗ್ರಾಹಕ ಚಾರ್ಲ್ಸ್ ಮಾರ್ಟಿನ್ ತೆಪ್ಪದ ಮೇಲೆ ಅದೇ ಪುಡಿ ಸಿಡಿಸಿ ಕಡಲಡಿಯ ಬಣ್ಣದ ಚಿತ್ರ ತೆಗೆದರು. ಸಿಡಿತವೊಂದರಲ್ಲಿ ಲಾಂಗ್ಲಿ ಮೈ ಸುಟ್ಟುಕೊಂಡರು. ಈಗ ಅಂಗೈಯಲ್ಲಿ ಹಿಡಿಸುವ ಎಲ್‌ಇಡಿ ಸಾಕು. ಕಷ್ಟವಿರುವುದು ಆಯ್ಕೆಯಲ್ಲಿ.

ನೋಡುವ ದೀಪ ಬೇರೆ, ಚಿತ್ರೀಕರಣದ ದೀಪ ಬೇರೆ. ಬಂಡೆಯ ಬಿರುಕಿನಲ್ಲಿ ಅಡಗಿದ ಮೊರೆ ಈಲ್ ನೋಡಲು, ಜೊತೆಗಾರನಿಗೆ ಸನ್ನೆ ಮಾಡಲು ಹತ್ತು ಡಿಗ್ರಿ ಆಸುಪಾಸಿನ ಕಿರಿದಾದ ಕಿರಣ ಬೇಕು. ಅದನ್ನೇ ವಿಡಿಯೊಗೆ ಬಳಸಿದರೆ ಪರದೆಯ ನಡುವೆ ಒಂದು ಬಿಳಿ ಬೊಟ್ಟು, ಸುತ್ತ ಕತ್ತಲು. ವಿಡಿಯೊಗೆ ನೂರು ಡಿಗ್ರಿಗೂ ಮೀರಿ ಹರಡುವ, ಅಂಚಿನವರೆಗೂ ಸಮನಾದ ಬೆಳಕಿರಬೇಕು. ಚಪ್ಪಟೆ ಗಾಜಿನ ಹಿಂದಿನ ಕಿರಣ ನೀರಿನಲ್ಲಿ ಇನ್ನಷ್ಟು ಕಿರಿದಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಕೋನ ಗಾಳಿಯದೋ ನೀರಿನದೋ ಎಂದು ಕೇಳಿಯೇ ದುಡ್ಡು ಕೊಡಿ.

ಅಂಗಡಿಯಲ್ಲಿ ಮಾತೆಲ್ಲ ಲ್ಯೂಮೆನ್‌ನದೇ, ಅಂದರೆ ದೀಪ ಹೊಮ್ಮಿಸುವ ಒಟ್ಟು ಬೆಳಕಿನ ಅಳತೆಯದೇ. ನನಗೆ ಆ ಸಂಖ್ಯೆಯ ಮೇಲೆ ಅಷ್ಟು ಭರವಸೆಯಿಲ್ಲ. ದೀಪದ ಬೆಳಕು ಮೀನಿನವರೆಗೆ ಹೋಗಿ, ಅಲ್ಲಿಂದ ಲೆನ್ಸಿಗೆ ಮರಳಬೇಕು. ಮೀನು ಎರಡು ಮೀಟರ್ ದೂರವಿದ್ದರೆ ಕೆಂಪು ದಾಟಬೇಕಾದ ನೀರು ನಾಲ್ಕು ಮೀಟರ್. ಇದರ ಮೇಲೆ, ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕಿಂತಲೂ ಕಡಿಮೆ. ಎಷ್ಟೇ ದುಬಾರಿ ದೀಪವಾದರೂ ಒಂದು ಮೀಟರಿನೊಳಗೆ ಹೋದವರಿಗೇ ಬಣ್ಣ ಕೊಡುತ್ತದೆ. ಲ್ಯೂಮೆನ್‌ಗಿಂತ ಮೊದಲು ನೋಡಬೇಕಾದ್ದು ಸಿಆರ್‌ಐ, ಅಂದರೆ ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂಬ ಅಳತೆ. 90ರ ಮೇಲಿದ್ದರೆ ಒಳ್ಳೆಯದು. ಅಗ್ಗದ ಎಲ್‌ಇಡಿಗಳಲ್ಲಿ ಕೆಂಪೇ ಕಡಿಮೆ. ಇಲ್ಲದ್ದನ್ನು ಅವು ಎಲ್ಲಿಂದ ತಂದಾವು? ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಿದ್ದರೆ ದೀಪ ಹೊತ್ತಿಸುವ ಮೊದಲು ತೆಗೆದುಬಿಡಿ. ಎರಡೂ ಸೇರಿದರೆ ಹತ್ತಿರದ್ದೆಲ್ಲ ರಕ್ತಗೆಂಪು.

ನಮ್ಮ ಕರಾವಳಿಯ ನೀರು ಎಲ್ಲ ದಿನವೂ ತಿಳಿಯಾಗಿರುವುದಿಲ್ಲ. ತೇಲುವ ಕಣಗಳ ನಡುವೆ ಲೆನ್ಸಿನ ಪಕ್ಕದಲ್ಲೇ ದೀಪವಿಟ್ಟರೆ, ಆಗುಂಬೆಯ ಮಂಜಿನಲ್ಲಿ ಕಾರಿನ ಹೈ ಬೀಮ್ ಹಾಕಿದ ಹಾಗೆ. ಎದುರಿಗೆ ಬಿಳಿ ಗೋಡೆ. ಕ್ಯಾಮೆರಾದ ಎರಡೂ ಬದಿಗೆ ಉದ್ದನೆಯ ತೋಳು ಜೋಡಿಸಿ, ದೀಪಗಳನ್ನು ತುಸು ಹೊರಕ್ಕೆ ತಿರುಗಿಸಿ, ಕಿರಣದ ಅಂಚು ಮಾತ್ರ ಮೀನಿಗೆ ತಾಗುವಂತೆ ಮಾಡಿದರೆ ಲೆನ್ಸಿನ ಮುಂದಿನ ಕಣಗಳು ಕತ್ತಲಲ್ಲೇ ಉಳಿಯುತ್ತವೆ. ಬಜೆಟ್ ಬಿಗಿಯಾಗಿದ್ದರೆ ದೀಪದಲ್ಲಿ ಉಳಿಸಿ, ತೋಳಿಗೆ ಖರ್ಚು ಮಾಡಿ ಎನ್ನುತ್ತೇನೆ.

ಡೈವಿಂಗ್‌ಗೆಂದು ಬೆಂಗಳೂರಿನಿಂದ ಅಂಡಮಾನಿಗೆ ಹಾರುವವರು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿಗೆ ಹಾಕುವಂತಿಲ್ಲ. ತಲಾ 100 ವಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ನೀರಿನಿಂದಲೇ ತಂಪಾಗುವ ದೊಡ್ಡ ದೀಪವನ್ನು ದಡದಲ್ಲಿ ಪೂರ್ತಿ ಪ್ರಖರವಾಗಿ ಉರಿಸಿ ಗೆಳೆಯರಿಗೆ ತೋರಿಸುವುದು ಬೇಡ, ಬಿಸಿಯೇರಿ ಕೆಡಬಹುದು.

ಹೆಚ್ಚಿನ ದೀಪಗಳ ಜೀವ ಅಡಗಿರುವುದು ಮುಚ್ಚಳದ ಸುತ್ತಲಿನ ಓ-ರಿಂಗ್ ಎಂಬ ರಬ್ಬರ್ ಬಳೆಯಲ್ಲಿ. ಅದರ ಮೇಲೆ ಅಡ್ಡ ಬಿದ್ದ ಒಂದು ತಲೆಗೂದಲು ಅಥವಾ ಮರಳಿನ ಕಣ ಸಾಕು, ಉಪ್ಪುನೀರಿಗೆ ದಾರಿಯಾಗಲು. ಡೈವ್ ಮುಗಿದ ಮೇಲೆ ಮುಚ್ಚಳ ತೆಗೆಯದೆ ಸಿಹಿನೀರಿನಲ್ಲಿ ನೆನೆಸಿ, ಒರೆಸಿ ಒಣಗಿಸಿ. ಆಮೇಲೆ ದೀಪವನ್ನು ತಲೆಕೆಳಗಾಗಿ ಹಿಡಿದು ತೆರೆಯಿರಿ. ಸಂದಿಯಲ್ಲಿ ಉಳಿದ ಹನಿ ಬ್ಯಾಟರಿಯ ಮೇಲೆ ಬೀಳದೆ ಹೊರಗೆ ಬೀಳುತ್ತದೆ.