ಬಂಡೆಯೊಳಗಿನ ಒಂಬತ್ತೂವರೆ ದಿನ

ಉಡುಪಿ ಜಿಲ್ಲೆಯ ಕಾಪು ಸಮೀಪದ ಪಾದೂರಿನಲ್ಲಿ ನೆಲದಡಿಯ ಕಗ್ಗಲ್ಲನ್ನು ಕೊರೆದು ಮಾಡಿದ ಗುಹೆಗಳಿವೆ. ಅವುಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲಕ್ಕೆ ಜಾಗವಿದೆ. ಮಂಗಳೂರಿನ ಗುಹೆಗಳಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್. ಅಂದರೆ ದೇಶದ ಆಪತ್ಕಾಲದ ತೈಲ ಕಣಜದ ಮುಕ್ಕಾಲು ಪಾಲು ಇರುವುದು ನಮ್ಮ ಕರಾವಳಿಯಲ್ಲೇ.

ಇಂಥ ಕಣಜದ ಯೋಚನೆ ಹುಟ್ಟಿದ್ದು ಭಯದಿಂದ. 1973ರಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದಾಗ ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟಾಯಿತು. ಮರುವರ್ಷ ಹುಟ್ಟಿದ ಅಂತರರಾಷ್ಟ್ರೀಯ ಇಂಧನ ಸಂಸ್ಥೆ, ಸದಸ್ಯ ದೇಶಗಳು 90 ದಿನಗಳ ಆಮದಿನಷ್ಟು ತೈಲವನ್ನು ಕೂಡಿಟ್ಟಿರಬೇಕೆಂದು ಕಟ್ಟು ಮಾಡಿತು. ಅಮೆರಿಕ ಟೆಕ್ಸಾಸ್, ಲೂಸಿಯಾನಾಗಳ ನೆಲದಡಿಯ ಉಪ್ಪಿನ ಗುಮ್ಮಟಗಳಲ್ಲಿ ಗುಹೆ ಮಾಡಿ ತೈಲ ತುಂಬಿತು.

ನಮಗೆ ಬಿಸಿ ತಟ್ಟಿದ್ದು 1990ರಲ್ಲಿ. ಇರಾಕ್ ಕುವೈತ್‌ಗೆ ನುಗ್ಗಿತು, ತೈಲದ ಬಿಲ್ಲು ಏರಿತು, ಮೊದಲೇ ಸೊರಗಿದ್ದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. 1991ರಲ್ಲಿ ದೇಶ ಚಿನ್ನ ಅಡವಿಟ್ಟಿತು. ಆದರೂ ಕಣಜದ ಮಾತು ಕೃತಿಗಿಳಿಯಲು ವರ್ಷಗಳೇ ಬೇಕಾದವು. ವಾಜಪೇಯಿ ಸರ್ಕಾರದ ಕಾಲದಲ್ಲಿ ಯೋಜನೆ ರೂಪುಗೊಂಡು, 2004ರಲ್ಲಿ ಐಎಸ್‌ಪಿಆರ್‌ಎಲ್ ಎಂಬ ಸರ್ಕಾರಿ ಕಂಪನಿ ಸ್ಥಾಪನೆಯಾಯಿತು.

ಕರಾವಳಿಯನ್ನು ಆರಿಸಲು ಕಾರಣಗಳು ಸರಳ. ಹಡಗು ಬರುವ ಕಡಲು, ಹತ್ತಿರದಲ್ಲೇ ಎಂಆರ್‌ಪಿಎಲ್ ಶುದ್ಧೀಕರಣಾಗಾರ, ಕೆಳಗೆ ಗಟ್ಟಿ ಬಂಡೆ. ಜತೆಗೆ ಅಂತರ್ಜಲವೂ ಬೇಕು. ಗುಹೆಯ ಗೋಡೆಗೆ ಉಕ್ಕಿನ ತಗಡಿನ ಹೊದಿಕೆಯಿಲ್ಲ. ತೈಲವನ್ನು ಹಿಡಿದಿಡುವುದು ನೀರೇ. ಗುಹೆಯನ್ನು ಅಂತರ್ಜಲ ಮಟ್ಟಕ್ಕಿಂತ ಬಹಳ ಕೆಳಗೆ ಕೊರೆಯುತ್ತಾರೆ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನೀರಿನ ಒತ್ತಡ ಹೆಚ್ಚಿರುವುದರಿಂದ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಹೊರಕ್ಕೆ ಹೋಗಲಾರದು. ಜಿನುಗಿದ ನೀರು ತೈಲಕ್ಕಿಂತ ಭಾರವಾದ್ದರಿಂದ ತಳ ಸೇರುತ್ತದೆ. ಅದನ್ನು ಪಂಪು ಮಾಡಿ ತೆಗೆಯುತ್ತಾರೆ. ಬೇಸಿಗೆಯಲ್ಲೂ ಒತ್ತಡ ಕುಗ್ಗದಂತೆ ಗುಹೆಯ ಮೇಲ್ಗಡೆ ಬೇರೆ ಸುರಂಗ ತೋಡಿ, ಅದರಿಂದ ಕೊರೆದ ರಂಧ್ರಗಳಿಗೆ ನೀರು ತುಂಬಿಸುತ್ತಲೇ ಇರುತ್ತಾರೆ. ಇದಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ನೀರಿನ ಪರದೆ.

ಆಟಿ ತಿಂಗಳ ಮಳೆಗೆಂದು ಅಕ್ಕಿಮುಡಿ ಕಟ್ಟಿಡುತ್ತಿದ್ದ ತುಳುನಾಡಿಗೆ ಕೂಡಿಡುವ ಲೆಕ್ಕ ಹೊಸದೇನಲ್ಲ: ಅಗ್ಗವಿದ್ದಾಗ ತುಂಬು, ಕಷ್ಟಕ್ಕೆ ತೆಗೆ. 2020ರಲ್ಲಿ ಕೋವಿಡ್‌ನಿಂದ ತೈಲದ ಬೆಲೆ ನೆಲ ಕಚ್ಚಿದಾಗ ಮೂರೂ ಕಡೆಯ ಗುಹೆಗಳನ್ನು ತುಂಬಿಸಲಾಯಿತು. ಅದರಿಂದ ಉಳಿದದ್ದು ಸುಮಾರು 5,000 ಕೋಟಿ ರೂಪಾಯಿ ಎಂದು ಸರ್ಕಾರ ಹೇಳಿತು. ಮರುವರ್ಷ ಬೆಲೆ ಏರಿದಾಗ ಅಮೆರಿಕ ಮೊದಲಾದ ದೇಶಗಳ ಜತೆಗೂಡಿ 50 ಲಕ್ಷ ಬ್ಯಾರೆಲ್ ಹೊರಬಿಡುವುದಾಗಿ ಭಾರತ ಪ್ರಕಟಿಸಿತು.

ಇಷ್ಟಾಗಿಯೂ ಮೂರೂ ಕಡೆಯ ಗುಹೆಗಳು ತುಂಬಿದ್ದರೆ, 2019-20ರ ಬಳಕೆಯಂತೆ, ದೇಶದ ಬಂಡಿ ಓಡುವುದು ಸುಮಾರು ಒಂಬತ್ತೂವರೆ ದಿನ ಎಂಬುದು ಸರ್ಕಾರವೇ ಕೊಟ್ಟ ಲೆಕ್ಕ. ತೈಲ ಕಂಪನಿಗಳ ದಾಸ್ತಾನು ಬೇರೆ. 2021ರಲ್ಲಿ ಎರಡನೇ ಹಂತಕ್ಕೆ ಒಪ್ಪಿಗೆ ಸಿಕ್ಕಿತು: ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್, ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ. ಅದಕ್ಕೆ ಮತ್ತೆ ಜಮೀನು ಬೇಕು, ಬಂಡೆ ಸಿಡಿಸಬೇಕು. ಊರಿನವರಿಗೆ ನ್ಯಾಯವಾದ ಪರಿಹಾರವನ್ನೂ ಕೊಡಬೇಕು.

ದಿನಗಳ ಈ ಲೆಕ್ಕ ಒಂದು ಭಾಗಾಕಾರ. ಗುಹೆಯಲ್ಲಿರುವ ತೈಲ ಮೇಲಿನ ಸಂಖ್ಯೆ, ದೇಶ ಒಂದು ದಿನಕ್ಕೆ ಸುಡುವ ತೈಲ ಕೆಳಗಿನದು. ಬಳಕೆ ಬೆಳೆದಂತೆಲ್ಲ, ಹನಿ ತೈಲ ತೆಗೆಯದಿದ್ದರೂ ಒಂಬತ್ತೂವರೆ ಕರಗುತ್ತದೆ. ಗುಹೆಗಳಿಗೆ ಖರ್ಚು ಮಾಡಿದ್ದೆಲ್ಲ ಮೇಲಿನ ಸಂಖ್ಯೆಯನ್ನು ಹಿಗ್ಗಿಸಲು. ವಿದ್ಯುತ್ ಬಸ್ಸು, ರೈಲು, ಎಥೆನಾಲ್ ಕೈ ಹಾಕುವುದು ಕೆಳಗಿನದಕ್ಕೆ. ಅದನ್ನು ಕುಗ್ಗಿಸಲು ಯಾರ ಜಮೀನಿನಡಿಯೂ ಬಂಡೆ ಸಿಡಿಸಬೇಕಿಲ್ಲ.