ಬೆಟ್ಟದ ರೋಪ್‌ವೇ: ಟಿಕೆಟ್ಟಿನ ಹಿಂದಿನ ಲೆಕ್ಕಾಚಾರ

ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ಮಂಜು ತುಂಬಿದ ಕಣಿವೆಯನ್ನು ನೋಡುವ ಪ್ರವಾಸಿಗನಿಗೆ, ಅದರ ಮೇಲೆ ತೇಲುತ್ತಾ ಸಾಗುವ ಆಸೆ ಮೂಡುವುದು ಸಹಜ. ಆ ಆಸೆಯನ್ನು ಉದ್ಯಮವಾಗಿಸಲು ಹೊರಡುವವರು ನೋಟಕ್ಕಿಂತ ಮೊದಲು ಲೆಕ್ಕವನ್ನು ನೋಡಬೇಕಾಗುತ್ತದೆ.

ರೋಪ್‌ವೇ ಕರ್ನಾಟಕಕ್ಕೆ ಹೊಸದೇನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಾಗಿ ಕೆಮ್ಮಣ್ಣುಗುಂಡಿಯ ಅದಿರು ತಣಿಗೆಬೈಲಿಗೆ ಇಳಿಯುತ್ತಿದ್ದುದು ರೋಪ್‌ವೇ ಮೂಲಕವೇ. ಕೇಂದ್ರ ಸರಕಾರವು 2022-23ರ ಮುಂಗಡಪತ್ರದಲ್ಲಿ 'ಪರ್ವತಮಾಲಾ' ಯೋಜನೆಯನ್ನು ಪ್ರಕಟಿಸಿದ ಬಳಿಕ ಪ್ರಯಾಣಿಕರ ರೋಪ್‌ವೇಗಳತ್ತ ಗಮನ ಹರಿಯಿತು. ನಂದಿಬೆಟ್ಟದಲ್ಲಿ ಸುಮಾರು 93 ಕೋಟಿ ರೂ. ಅಂದಾಜಿನ ಯೋಜನೆಗೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ಮೈಸೂರಿನ ಚಾಮುಂಡಿ ಬೆಟ್ಟದ ಪ್ರಸ್ತಾವವನ್ನಾದರೋ ನಾಗರಿಕರ ವಿರೋಧದಿಂದಾಗಿ 2022ರಲ್ಲಿ ಕೈಬಿಡಲಾಯಿತು.

ಎರಡು ವಿಧಾನಗಳು

ಕಿರಿದಾದ ಸ್ಥಳಗಳಿಗೆ 'ಜಿಗ್‌ಬ್ಯಾಕ್' ವಿಧಾನವುಂಟು. ಒಂದು ಕ್ಯಾಬಿನ್ ಏರುವಾಗ ಇನ್ನೊಂದು ಇಳಿಯುತ್ತದೆ. ಪರಸ್ಪರ ಭಾರ ಸರಿದೂಗುವುದರಿಂದ ವಿದ್ಯುತ್ ಉಳಿಯುತ್ತದೆ. 'ಗೊಂಡೋಲಾ' ವಿಧಾನದಲ್ಲಿ ಉಕ್ಕಿನ ಹಗ್ಗವು ನಿಲ್ಲದೆ ಸುತ್ತುತ್ತಿರುತ್ತದೆ. ಹಗ್ಗವನ್ನು ಬಿಗಿಹಿಡಿದು ಸಾಗುವ ಕ್ಯಾಬಿನ್‌ಗಳು ನಿಲ್ದಾಣದಲ್ಲಿ ಅದರಿಂದ ಬಿಡಿಸಿಕೊಂಡು ನಿಧಾನಿಸುತ್ತವೆ. ಇದರಲ್ಲಿ ಹೆಚ್ಚು ಜನರನ್ನು ಸಾಗಿಸಬಹುದಾದರೂ ಬಂಡವಾಳವೂ ಹೆಚ್ಚು.

ತೆರಿಗೆಯ ಪರಿಣಾಮ

2022ರ ಜುಲೈ 18ರಿಂದ ರೋಪ್‌ವೇ ಸಾಗಣೆಯ ಮೇಲಿನ ಜಿ.ಎಸ್.ಟಿ. ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಆದರೆ ಅದಕ್ಕೊಂದು ಷರತ್ತಿದೆ: ಸೇವೆಗಳ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ, ಅಂದರೆ ಇನ್‌ಪುಟ್ ಕ್ರೆಡಿಟ್, ದೊರೆಯುತ್ತದೆ, ಸರಕುಗಳ ಮೇಲೆ ತೆತ್ತುದಕ್ಕೆ ದೊರೆಯದು. ಯಂತ್ರ, ಹಗ್ಗ, ಕ್ಯಾಬಿನ್‌ಗಳಿಗೆ 10 ಕೋಟಿ ರೂ. ತಗುಲಿ, ತೆರಿಗೆ ಶೇ. 18 ಎಂದಿಟ್ಟುಕೊಂಡರೆ, 1.80 ಕೋಟಿ ರೂ. ನೇರವಾಗಿ ಆಸ್ತಿಯ ವೆಚ್ಚಕ್ಕೆ ಸೇರುತ್ತದೆ. ಜಮೆ ಪಡೆಯದ ಕಾರಣ ಆ ಮೊತ್ತದ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿ ಪಡೆಯಬಹುದು. ಆದರೆ ಹಣವನ್ನು ಮಾತ್ರ ಮೊದಲೇ ಹೊಂದಿಸಿಕೊಳ್ಳಬೇಕು.

ಸವಾರಿಯನ್ನೂ ಬೇರಾವುದೋ ಸರಕನ್ನೂ ಒಂದೇ ಬೆಲೆಗೆ ಸೇರಿಸಿ ಮಾರುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಅದು 'ಮಿಶ್ರ ಪೂರೈಕೆ'ಯಾದಲ್ಲಿ, ಅದರಲ್ಲಿನ ಅತಿ ಹೆಚ್ಚಿನ ದರವು ಇಡೀ ಮೊತ್ತಕ್ಕೆ ಅನ್ವಯಿಸುತ್ತದೆ. ಆದುದರಿಂದ ಕಾಫಿಪುಡಿ, ಜೇನು, ಮಸಾಲೆಗಳ ಮಾರಾಟಕ್ಕೆ ಪ್ರತ್ಯೇಕ ಬಿಲ್ ಇರುವುದೇ ಕ್ಷೇಮ.

ಮಳೆಗಾಲದ ಲೆಕ್ಕ

ಉದಾಹರಣೆಗೆ, ಟಿಕೆಟ್ ದರ ತೆರಿಗೆ ಸೇರಿ 210 ರೂ. ಇದ್ದರೆ ಉದ್ಯಮಕ್ಕೆ ಉಳಿಯುವುದು 200 ರೂ. ಪ್ರತಿ ಟಿಕೆಟ್ಟಿನ ನೇರ ವೆಚ್ಚ 50 ರೂ. ಕಳೆದರೆ 150 ರೂ. ಬಡ್ಡಿ, ಸವಕಳಿ, ವಿಮೆ, ಸಂಬಳ ಮುಂತಾದ ಸ್ಥಿರ ವೆಚ್ಚ ವರ್ಷಕ್ಕೆ 3 ಕೋಟಿ ರೂ. ಆದಲ್ಲಿ, ನಷ್ಟವಾಗದಿರಲು 2 ಲಕ್ಷ ಟಿಕೆಟ್‌ಗಳು ಮಾರಾಟವಾಗಬೇಕು. 300 ದಿನ ನಡೆದರೆ ದಿನಕ್ಕೆ ಸುಮಾರು 667 ಪ್ರಯಾಣಿಕರು ಸಾಕು. ಕೊಡಗಿನ ಮಳೆ, ಗಾಳಿ, ಸಿಡಿಲಿನಿಂದಾಗಿ 240 ದಿನಗಳಷ್ಟೇ ನಡೆದರೆ 833 ಪ್ರಯಾಣಿಕರು ಬೇಕು. ಯಂತ್ರ ನಿಂತರೂ ಬಡ್ಡಿ ನಿಲ್ಲುವುದಿಲ್ಲ.

ಭೂಮಿ ಮತ್ತು ಸುರಕ್ಷತೆ

ರೋಪ್‌ವೇಗೆ ರಸ್ತೆಯಷ್ಟು ಭೂಮಿ ಬೇಡವೆಂಬುದು ನಿಜ. ಆದರೆ ಪ್ರತಿ ಗೋಪುರದ ತಳಪಾಯಕ್ಕೆ ಗಟ್ಟಿ ನೆಲ ಬೇಕು. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡ ಜಿಲ್ಲೆಯಲ್ಲಿ ಮಣ್ಣಿನ ಪರೀಕ್ಷೆಗೆ ಹಿಂಜರಿಯುವುದು ಸಲ್ಲದು. ಒಕ್ಕದವರು ಒಟ್ಟಾಗಿ ಹೊಂದಿರುವ ಜಮ್ಮಾ ಭೂಮಿಯಾದರೆ ಒಬ್ಬರ ಸಹಿಯನ್ನೇ ನಂಬಿ ಮುಂದುವರಿಯಲಾಗದು. ಅರಣ್ಯ ಭೂಮಿಯಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಅನುಮತಿ ಅವಶ್ಯ.

ಡಾರ್ಜಿಲಿಂಗ್‌ನ ರೋಪ್‌ವೇ 2003ರ ಅಕ್ಟೋಬರ್‌ನಲ್ಲಿ ನಾಲ್ವರನ್ನು ಬಲಿಪಡೆದ ಅಪಘಾತದ ನಂತರ ಮತ್ತೆ ತೆರೆದುದು 2012ರಲ್ಲಿ. 2022ರ ಏಪ್ರಿಲ್‌ನಲ್ಲಿ ದೇವಘರ್ ಬಳಿಯ ತ್ರಿಕೂಟ ಬೆಟ್ಟದಲ್ಲಿಯೂ ಜೀವಹಾನಿಯಾಯಿತು. ಹಗ್ಗದ ತಪಾಸಣೆಯನ್ನು ಖರ್ಚು ಕಡಿತದ ಬಾಬ್ತನ್ನಾಗಿ ಎಂದಿಗೂ ನೋಡಬಾರದೆಂಬುದೇ ಇವುಗಳ ಪಾಠ.

ಸಣ್ಣ ವರ್ತಕರಿಗೆ ನಿಲ್ದಾಣದ ಮಳಿಗೆ ಆಕರ್ಷಕವೆನಿಸುವುದು. ಆದರೆ ಮುಂಗಡ ನೀಡುವ ಮೊದಲು ಕರಾರಿನಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು: ರೋಪ್‌ವೇ ನಿಂತ ತಿಂಗಳುಗಳಲ್ಲಿ ಬಾಡಿಗೆ ಕೊಡಬೇಕೇ, ಬೇಡವೇ? ಈ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ದೊರೆತ ಮೇಲೆಯೇ ಸಹಿ ಹಾಕುವುದು ವಿವೇಕ.